ಮೇ 1ರ ಪಾಸ್ಖ: ಬೀದರಿನ ಅಫನಾಸಿ ನಿಕಿತಿನ್ ಮತ್ತು ವಿಶ್ವಾಸತ್ಯಾಗದ ಪ್ರಶ್ನೆ

ಮಧ್ಯಯುಗದ ಅಥವಾ ಆರಂಭಿಕ ಆಧುನಿಕ ಕಾಲದ ಯುರೋಪಿನ ಧರ್ಮಜೀವನವನ್ನು ಕುರಿತು ಡಾಕ್ಟರೇಟ್ ಪಡೆಯಬೇಕೆಂದು ಬಯಸುವ ನಮ್ಮ ಗುರುವಿದ್ಯಾರ್ಥಿಗಳು ರೋಮ್, ಲೂವೇನ್, ಲಿಸ್ಬನ್‌ಗಳ ಪತ್ರಾಗಾರಗಳ ಕಡೆಗೆ ಮುಖಮಾಡುವುದು ಸಹಜ. ದಾಖಲೆಗಳು ಇರುವುದು ಅಲ್ಲಿ. ಮಾರ್ಗದರ್ಶಕರು ಇರುವುದೂ ಅಲ್ಲಿ. ಆದರೆ ಹದಿನೈದನೆಯ ಶತಮಾನದ ಯುರೋಪಿನ ಒಬ್ಬ ಸಾಮಾನ್ಯ ಕ್ರೈಸ್ತ ವಿಶ್ವಾಸಿ, ಗುರುವಲ್ಲದ, ಸನ್ಯಾಸಿಯಲ್ಲದ, ಯಾವ ನ್ಯಾಯಾಲಯದ ಮುಂದೆಯೂ ನಿಲ್ಲದ ಒಬ್ಬ ವ್ಯಾಪಾರಿ, ತನ್ನ ವಿಶ್ವಾಸದ ಗೊಂದಲವನ್ನು ತನ್ನ ಕೈಯಿಂದಲೇ ಬರೆದಿಟ್ಟ ಒಂದು ಅಪರೂಪದ ದಾಖಲೆಯಿದೆ. ಅದರ ಹೃದಯಭಾಗ ಹುಟ್ಟಿದ್ದು ಬೀದರಿನಲ್ಲಿ. ಕಮಲನಗರದಿಂದ ರೈಲು ಹತ್ತಿದರೆ ಹೊತ್ತು ಏರುವುದರೊಳಗೆ ತಲುಪಬಹುದಾದ ಊರಿನಲ್ಲಿ ಬಾಳಿದ ಒಬ್ಬ ಕ್ರೈಸ್ತನನ್ನು ಕುರಿತು ಜಗತ್ತಿನ ವಿದ್ವಾಂಸರು ಏನು ತೀರ್ಪು ಕೊಟ್ಟಿದ್ದಾರೆ, ಆ ತೀರ್ಪು ನಿಲ್ಲುತ್ತದೆಯೇ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅವನ ಹೆಸರು ಅಫನಾಸಿ ನಿಕಿತಿನ್. ವೋಲ್ಗಾ ನದಿಯ ದಂಡೆಯ ತ್ವೇರ್ ಪಟ್ಟಣದವನು, ರಷ್ಯದ ಆರ್ಥೊಡಾಕ್ಸ್ ಧರ್ಮಸಭೆಗೆ ಸೇರಿದವನು. 'ಮೂರು ಸಮುದ್ರಗಳಾಚೆಯ ಯಾತ್ರೆ' ಎಂದು ಪ್ರಸಿದ್ಧವಾದ ಅವನ ಬರಹದಲ್ಲಿ ಬರುವ ಆ ಮೂರು ಸಮುದ್ರಗಳು ಕ್ಯಾಸ್ಪಿಯನ್, ಹಿಂದೂಸ್ಥಾನದ ಕಡಲು ಮತ್ತು ಕಪ್ಪುಸಮುದ್ರ. ಪ್ರಯಾಣದ ಕಾಲವನ್ನು ಹಿಂದಿನವರು 1466ರಿಂದ 1472 ಎಂದು ಎಣಿಸುತ್ತಿದ್ದರು. ಲಿಯೊನಿದ್ ಸೆಮ್ಯೊನೊವ್ ಅವರು ಅದನ್ನು 1468ರಿಂದ 1475ಕ್ಕೆ ಸರಿಸಿದರು. ಯಾವ ಲೆಕ್ಕವನ್ನು ಹಿಡಿದರೂ ಬೀದರಿನಲ್ಲಿ ಆಳುತ್ತಿದ್ದವನು ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಷಾ. ರಾಜ್ಯದ ಚುಕ್ಕಾಣಿ ಹಿಡಿದಿದ್ದವನು ಮಹಮೂದ್ ಗವಾನ್. ನಿಕಿತಿನ್ ಅವನನ್ನು 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ಅಧಿಪತಿ ಎಂಬ ಬಿರುದಿನಿಂದಲೇ ಗುರುತಿಸುತ್ತಾನೆ. ಗವಾನನ ಮದರಸಾ ಪೂರ್ಣಗೊಂಡ 1472ರ ಆಸುಪಾಸಿನ ಬೀದರು ಇದು: ಖುರಾಸಾನದವರು, ತುರ್ಕರು, ಅರಬರು, ಹಬಶಿಗಳು, ಕನ್ನಡ ತೆಲುಗು ಮರಾಠಿ ಜನರು ಒಂದೇ ಪೇಟೆಯಲ್ಲಿ ಕೊಟ್ಟು ತೆಗೆದುಕೊಂಡು ಬದುಕುತ್ತಿದ್ದ ನಗರ.

ಕಥೆಯನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ. ಅಸ್ತ್ರಖಾನ್ ಬಳಿ ತಾತಾರರು ಅವನ ತಂಡವನ್ನು ದೋಚಿದರು. ಸರಕಿನ ಜೊತೆಗೆ ರಷ್ಯದಿಂದ ತಂದಿದ್ದ ಪುಸ್ತಕಗಳೂ ಹೋದವು. ಈ ಪುಸ್ತಕಗಳ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ವಾದವೆಲ್ಲ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಬರಿಗೈಯಲ್ಲಿ ಹಿಂದಿರುಗಿದರೆ ಸಾಲ ಕಾದಿರುತ್ತದೆಂದು ಅವನು ದೆರ್ಬೆಂತ್, ಬಾಕು, ಪರ್ಷಿಯ ದೇಶಗಳನ್ನು ದಾಟಿ ಹೊರ್ಮುಜಿಗೆ ಬಂದು, ಒಂದು ಗಂಡುಕುದುರೆಯೊಂದಿಗೆ ಹಡಗು ಹತ್ತಿ ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಅಸದ್ ಖಾನ್, ಇವನು ಮುಸಲ್ಮಾನನಲ್ಲವೆಂದು ತಿಳಿದು ಕುದುರೆಯನ್ನು ಕಿತ್ತುಕೊಂಡ. ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಚಿನ್ನದ ನಾಣ್ಯ, ಇಲ್ಲವಾದರೆ ಕುದುರೆಯೂ ಇಲ್ಲ, ಮೇಲೆ ದಂಡ. ಗಡುವು ನಾಲ್ಕು ದಿನ. ಅದು ಮಾತೆ ಮರಿಯಳ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ. ರಕ್ಷಕನ ಹಬ್ಬದ ದಿನ ಖುರಾಸಾನದ ಮುಹಮ್ಮದ್ ಎಂಬ ಖೋಜಾ ಅಡ್ಡಬಂದು ಇವನನ್ನು ಬಿಡಿಸಿದ. ಇದನ್ನು ಪ್ರಭುವಿನ ಅದ್ಭುತವೆಂದು ಬರೆಯುವ ನಿಕಿತಿನ್ ಮರುಕ್ಷಣವೇ ರಷ್ಯದ ಕ್ರೈಸ್ತ ಸಹೋದರರಿಗೆ ಕಹಿಯಾದ ಬುದ್ಧಿಮಾತು ಹೇಳುತ್ತಾನೆ: ಹಿಂದೂಸ್ಥಾನಕ್ಕೆ ಹೋಗಬೇಕೆನ್ನುವವರು ತಮ್ಮ ವಿಶ್ವಾಸವನ್ನು ಊರಿನಲ್ಲಿಯೇ ಬಿಟ್ಟು ಬರಲಿ.

ಅಲ್ಲಿಂದ ಬೀದರು. ಅಲ್ಲಿ ಅವನು ಖೋಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಲ್ಲಿ ಬಾಳಿದ. ರಮಜಾನಿನಲ್ಲಿ ಮುಸಲ್ಮಾನರೊಂದಿಗೆ ಉಪವಾಸ ಮಾಡಿದ. ದೇವರನ್ನು ಖುದಾ, ಅಲ್ಲಾ, ರಹೀಮ್, ಕರೀಮ್ ಎಂದು ಕರೆದ. ಬರಹದ ಕೊನೆಯಲ್ಲಿ ರಷ್ಯನ್ ಲಿಪಿಯಲ್ಲಿ ಅರಬ್ಬಿ ಪ್ರಾರ್ಥನೆಯೊಂದನ್ನು ಬರೆದ. ಅದರ ದೊಡ್ಡ ಭಾಗ ಕುರಾನಿನ 59ನೆಯ ಸೂರಾದಲ್ಲಿ ಬರುವ ದೈವನಾಮಗಳ ಸಾಲು. ಪ್ರಭು ಯೇಸುಕ್ರಿಸ್ತನನ್ನು ದೇವಪುತ್ರನೆಂದು ಕರೆದು ಕರುಣೆ ಬೇಡುತ್ತ ಆರಂಭವಾಗುವ ಪುಸ್ತಕ, ಯೇಸುವನ್ನು 'ರೂಹುಲ್ಲಾ', ಅಂದರೆ ದೇವರ ಆತ್ಮ ಎಂದು ಕರೆಯುವ ಪ್ರಾರ್ಥನೆಯಲ್ಲಿ ಮುಗಿಯುತ್ತದೆ.

ಈ ಎರಡು ತುದಿಗಳ ನಡುವೆ ಏನಾಯಿತು? ಅಮೆರಿಕದ ವಿದುಷಿ ಗೇಲ್ ಲೆನ್‌ಹಾಫ್ ಅವರು 1979ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲಿಯೇ ಉತ್ತರವಿತ್ತು: ಇದು ಆರ್ಥೊಡಾಕ್ಸ್ ವಿಶ್ವಾಸದಿಂದ ವಿಶ್ವಾಸತ್ಯಾಗದವರೆಗಿನ ಯಾತ್ರೆ. ಹತ್ತು ವರ್ಷಗಳ ನಂತರ ಜಾನೆಟ್ ಮಾರ್ಟಿನ್ ಅವರೊಂದಿಗೆ ಬರೆದ ಲೇಖನದಲ್ಲಿ ಅವರು ವ್ಯಾಪಾರದ ಹಿನ್ನೆಲೆಯನ್ನು ಸೇರಿಸಿದರು. ಮುಸಲ್ಮಾನನಲ್ಲದವನಿಗೆ ಸುಂಕದ ಹೊರೆ, ದಾರಿಯ ಅಪಾಯ, ಕುದುರೆಯನ್ನೇ ಕಳೆದುಕೊಳ್ಳುವ ಭಯ ಇವೆಲ್ಲವೂ ಮತಾಂತರವನ್ನು ವಿವರಿಸುತ್ತವೆ ಎಂಬುದು ಅವರ ನಿಲುವು. ಇದಕ್ಕೆ ಎದುರಾಗಿ ಯಾಕೊವ್ ಲೂರ್ಯೆ ನಿಂತರು. 1986ರಲ್ಲಿ ಸೆಮ್ಯೊನೊವ್ ಅವರೊಂದಿಗೆ ಈ ಕೃತಿಯ ಪ್ರಮಾಣಭೂತ ಆವೃತ್ತಿಯನ್ನು ಹೊರತಂದ ಲೂರ್ಯೆ ಅವರ ಪ್ರಕಾರ, ಮತ ಬಿಟ್ಟವನು ರಷ್ಯಕ್ಕೆ ಹಿಂದಿರುಗುವ ಧೈರ್ಯ ಮಾಡುತ್ತಿರಲಿಲ್ಲ. ನಿಕಿತಿನ್ ಹಿಂದಿರುಗಲು ಹೊರಟ, ಆದ್ದರಿಂದ ಅವನು ಕ್ರೈಸ್ತನಾಗಿಯೇ ಉಳಿದಿದ್ದ. 2006ರಲ್ಲಿ ಮೇರಿ ಜೇನ್ ಮ್ಯಾಕ್ಸ್‌ವೆಲ್ ಅವರು, ತಮ್ಮ ಲೇಖನದ ಶೀರ್ಷಿಕೆಯೇ ಸೂಚಿಸುವಂತೆ, ಇದನ್ನು ಇಸ್ಲಾಮಿನ ನೆಲದಲ್ಲಿ ನಡೆದ ಒಂದು ಆಧ್ಯಾತ್ಮಿಕ ಪ್ರಯಾಣವೆಂದು ನೋಡಿದರು. ಸೋವಿಯತ್ ಕಾಲದ ಸ್ನೇಹದೂತ ನಿಕಿತಿನನ ವಿಷಯ ಬೇರೆ. 1955ರಲ್ಲಿ ಅವನ ಊರಿನಲ್ಲಿ ನಿಂತ ಪ್ರತಿಮೆಗಾಗಲಿ, 1957ರ 'ಪರದೇಸಿ' ಚಿತ್ರಕ್ಕಾಗಲಿ ಅವನ ಉಪವಾಸಗಳು ಬೇಕಿರಲಿಲ್ಲ.

ಲೆನ್‌ಹಾಫ್ ಮತ್ತು ಮಾರ್ಟಿನ್ ಅವರ ಶ್ರಮವನ್ನು ಹಗುರವಾಗಿ ಕಾಣುವಂತಿಲ್ಲ. ಒಬ್ಬ ವ್ಯಾಪಾರಿಯ ಪ್ರಾರ್ಥನೆಯನ್ನು ಅವನ ಸರಕಿನಿಂದ ಬೇರ್ಪಡಿಸಿ ಓದಬಾರದು ಎಂದು ಅವರು ತೋರಿಸಿಕೊಟ್ಟದ್ದು ಸರಿಯಾದದ್ದೇ. ಆದರೂ ಲೆನ್‌ಹಾಫ್ ಹಾಗೂ ಲೂರ್ಯೆ ಇಬ್ಬರೂ ಒಂದೇ ಕಟಕಟೆಯ ಎರಡು ಬದಿಯಲ್ಲಿ ನಿಂತಿದ್ದಾರೆ ಎಂಬುದು ನನ್ನ ಆಕ್ಷೇಪ. ಒಬ್ಬರು ಆರೋಪ ಹೊರಿಸುತ್ತಾರೆ, ಇನ್ನೊಬ್ಬರು ವಕಾಲತ್ತು ವಹಿಸುತ್ತಾರೆ. ಬಿಟ್ಟನೋ ಬಿಡಲಿಲ್ಲವೋ ಎಂಬ ಪ್ರಶ್ನೆ ಮಾತ್ರ ಇಬ್ಬರಿಗೂ ಸಮಾನ. ಆ ಪ್ರಶ್ನೆ ನ್ಯಾಯಾಲಯದ್ದು.

ಅದು ಎಲ್ಲಿಂದ ಬಂತೆಂದು ನೋಡಬೇಕು. ಸಾಮಾನ್ಯ ಜನರ ಧರ್ಮಜೀವನವನ್ನು ಕುರಿತ ಆಧುನಿಕ ಸಂಶೋಧನೆ ಬೆಳೆದದ್ದು ಬಹುಮಟ್ಟಿಗೆ ಧರ್ಮವಿಚಾರಣೆಯ ಕಡತಗಳ ಮೇಲೆ. ಲೆರುವಾ ಲದುರಿ ಅವರ 'ಮೊಂತಾಯು' (1975) ನಿಂತಿರುವುದು ಪಾಮಿಯೆಯ ಧರ್ಮಾಧ್ಯಕ್ಷ ಜಾಕ್ ಫೂರ್ನಿಯೆ 1318ರಿಂದ 1325ರವರೆಗೆ ನಡೆಸಿದ ವಿಚಾರಣೆಗಳ ದಾಖಲೆಯ ಮೇಲೆ. ಆ ಧರ್ಮಾಧ್ಯಕ್ಷರೇ ಮುಂದೆ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪರಾದರು. ಕಾರ್ಲೊ ಗಿನ್ಸ್‌ಬರ್ಗ್ ಅವರ 'ಚೀಸ್ ಮತ್ತು ಹುಳುಗಳು' (1976) ಪುಸ್ತಕದ ಗಿರಣಿಗಾರ ಮೆನೊಕ್ಕಿಯೊ ನಮಗೆ ದೊರಕಿದ್ದು ಅವನನ್ನು ಎರಡು ಬಾರಿ ವಿಚಾರಣೆಗೆ ಎಳೆದದ್ದರಿಂದ. ಮುಸಲ್ಮಾನರಾಗಿ ಹಿಂದಿರುಗಿದ ಯುರೋಪಿಯನ್ನರನ್ನು ಕುರಿತ ಬೆನಸ್ಸಾರ್ ದಂಪತಿಗಳ 'ಅಲ್ಲಾಹನ ಕ್ರೈಸ್ತರು' (1989) ಕೂಡ ಅಂತಹ ಕಡತಗಳ ಫಲವೇ. ಇವು ಶ್ರೇಷ್ಠ ಗ್ರಂಥಗಳು. ನಮ್ಮ ವಿದ್ಯಾರ್ಥಿಗಳು ಓದಲೇಬೇಕಾದವು. ಆದರೆ ಈ ಬಗೆಯ ಕಡತವನ್ನೇ ಓದಿ ಪಳಗಿದ ಕಣ್ಣಿಗೆ ಪ್ರತಿಯೊಂದು ಮಾತೂ ಹೇಳಿಕೆಯಾಗಿ, ಪ್ರತಿಯೊಂದು ಮೌನವೂ ಮುಚ್ಚುಮರೆಯಾಗಿ ಕಾಣುವ ಅಪಾಯವಿದೆ. ನಿಕಿತಿನನನ್ನು ಯಾರೂ ಪ್ರಶ್ನಿಸಿರಲಿಲ್ಲ. ಅವನು ಬರೆದದ್ದು ತಪ್ಪೊಪ್ಪಿಗೆಯಲ್ಲ, ಸಮರ್ಥನೆಯೂ ಅಲ್ಲ. ಹಾಗಾದರೆ ಅವನು ತಾನಾಗಿ ಮತ್ತೆ ಮತ್ತೆ ಎತ್ತುವ ಪ್ರಶ್ನೆ ಯಾವುದು? ಬರಹವನ್ನು ನೇರವಾಗಿ ಓದಿದರೆ ಉತ್ತರ ಒಂದೇ: ಇಂದು ಯಾವ ದಿನ? ಪಾಸ್ಖ ಎಂದು?

ಪುಸ್ತಕಗಳು ಹೋದದ್ದರಿಂದ ತನಗೆ ಪಾಸ್ಖವಾಗಲಿ ಕ್ರಿಸ್ತಜಯಂತಿಯಾಗಲಿ ತಿಳಿಯದು, ಬುಧವಾರ ಶುಕ್ರವಾರಗಳೂ ಇಲ್ಲ ಎಂದು ಅವನು ಗೋಳಿಡುತ್ತಾನೆ. ಪೂರ್ವದ ಧರ್ಮಸಭೆಗಳಲ್ಲಿ ಬುಧವಾರ ಮತ್ತು ಶುಕ್ರವಾರ ಉಪವಾಸದ ದಿನಗಳು. ಪಾಸ್ಖದ ವಿಷಯ ಅರ್ಥವಾಗುತ್ತದೆ, ಅದಕ್ಕೆ ಕೋಷ್ಟಕ ಬೇಕು. ಆದರೆ ಶುಕ್ರವಾರ? ಬಹಮನಿ ಬೀದರಿನಲ್ಲಿ ಶುಕ್ರವಾರ ಯಾವುದೆಂದು ತಿಳಿಯದೆ ಇರುವುದು ಸಾಧ್ಯವೇ? ಜುಮ್ಮಾ ನಮಾಜಿಗೆ ನಗರವೇ ಮಸೀದಿಗಳ ಕಡೆಗೆ ಸಾಗುವ ದಿನ ಅದು. ಬೀದರಿನ ಪೇಟೆಯನ್ನು ಬಲ್ಲ ಯಾರಿಗೂ ಈ ಅನುಮಾನ ಬರುತ್ತದೆ. ಪುಸ್ತಕದ ಕೋಣೆಯಲ್ಲಿ ಕುಳಿತು ಓದುವವರಿಗೆ ಬರಲಿಕ್ಕಿಲ್ಲ. ಹಾಗಾದರೆ ಅವನ ಮಾತಿಗೆ ಒಂದೇ ಅರ್ಥ. ಅವನು ಕಳೆದುಕೊಂಡದ್ದು ವಾರದ ಲೆಕ್ಕವನ್ನಲ್ಲ. ಶುಕ್ರವಾರ ಬರುತ್ತಿತ್ತು, ಆದರೆ ಅದು ಪ್ರಭುವಿನ ಯಾತನೆಯನ್ನು ನೆನೆಯುವ ಶುಕ್ರವಾರವಾಗಿರಲಿಲ್ಲ. ಇನ್ನೊಂದು ಸಮುದಾಯದ ಶುಕ್ರವಾರವಾಗಿತ್ತು. ಉಪವಾಸವನ್ನು ಒಬ್ಬನೇ ಮಾಡಬಹುದು, ಉಪವಾಸದ ದಿನವನ್ನು ಒಬ್ಬನೇ ಉಂಟುಮಾಡಲಾಗದು. ಅದು ಧರ್ಮಸಭೆಯ ಕೆಲಸ.

ಪಾಸ್ಖದ ಲೆಕ್ಕ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಅವನು ಏಪ್ರಿಲ್ 1ರಂದು ಉಪವಾಸ ಹಿಡಿದು, ಮೇ 1ರಂದು ಬೀದರಿನಲ್ಲಿ ಪಾಸ್ಖ ಆಚರಿಸಿದನೆಂದು ಬರೆದಿದ್ದಾನೆ. ಆಗ ರಷ್ಯದಲ್ಲಿದ್ದ ಜೂಲಿಯನ್ ಪಂಚಾಂಗದ ಪ್ರಕಾರ ಪಾಸ್ಖ ಮಾರ್ಚ್ 22ಕ್ಕಿಂತ ಮೊದಲು ಬರುವಂತಿಲ್ಲ, ಏಪ್ರಿಲ್ 25ರ ನಂತರ ಬರುವಂತಿಲ್ಲ. ಮೇ 1ರ ಪಾಸ್ಖ ಯಾವ ವರ್ಷದಲ್ಲಿಯೂ ಅಸಾಧ್ಯ. ತಿಂಗಳುಗಳ ಹೆಸರೂ ತಾರೀಖೂ ಅವನ ಬಳಿ ಇದ್ದವು, ಕೋಷ್ಟಕ ಇರಲಿಲ್ಲ, ಅದನ್ನು ಓದಿ ಹೇಳುವ ಗುರುವೂ ಇರಲಿಲ್ಲ. ಅವನು ನಕ್ಷತ್ರಗಳನ್ನು ನೋಡಿದ. ಮುಸಲ್ಮಾನರ ಬೈರಾಮ್ ಹಬ್ಬಕ್ಕೆ ಒಂಬತ್ತು ಹತ್ತು ದಿನ ಮೊದಲು ಪಾಸ್ಖ ಬರುತ್ತದೆಂದು ಗುರುತು ಹಾಕಿಕೊಂಡ. ಹಿಜರಿ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆಯಾದ್ದರಿಂದ ಈ ಗುರುತು ಮರುವರ್ಷವೇ ತಪ್ಪುತ್ತದೆ.

ಇಲ್ಲೊಂದು ವಿಪರ್ಯಾಸವಿದೆ. ನಾನು ಓದಿದ ಯಾವ ವಿದ್ವಾಂಸರೂ ಇದರ ಮೇಲೆ ನಿಂತು ಯೋಚಿಸಿದ್ದನ್ನು ಕಾಣೆ. ಪಾಸ್ಖ ನಿರ್ಧಾರವಾಗುವುದು ವಸಂತ ವಿಷುವದ ನಂತರದ ಹುಣ್ಣಿಮೆಯಿಂದ. ಸೂರ್ಯಚಂದ್ರರಿಬ್ಬರನ್ನೂ ಹೊಂದಿಸಿ ನಡೆಯುವ ಅಂತಹದೇ ಒಂದು ಪಂಚಾಂಗ ಅವನ ಕೈಯಳತೆಯಲ್ಲಿತ್ತು. ಅದು ಅವನ ಹಿಂದೂ ಗೆಳೆಯರದ್ದು. ಅಧಿಕಮಾಸ ಸೇರಿಸಿ ಋತುವಿಗೆ ಹೊಂದುವ ಆ ಎಣಿಕೆಯಲ್ಲಿ ಶಿವರಾತ್ರಿ ಮಾಘದ ಕೃಷ್ಣಪಕ್ಷಕ್ಕೆ ಕಟ್ಟುಬಿದ್ದಿದೆ. ಅದರ ಮುಂದಿನ ಹುಣ್ಣಿಮೆ, ಇಲ್ಲವೇ ಅದರ ಮರುಹುಣ್ಣಿಮೆ, ಸ್ಥೂಲವಾಗಿ ಪಾಸ್ಖದ ಹುಣ್ಣಿಮೆಯಾಗುತ್ತದೆ. ಇಂದಿಗೂ ನಮ್ಮ ಕಡೆ ಅನೇಕ ವರ್ಷಗಳಲ್ಲಿ ವಿಭೂತಿ ಬುಧವಾರ ಶಿವರಾತ್ರಿಯ ಬೆನ್ನಿಗೇ ಬರುವುದನ್ನು ಎಲ್ಲ ಧರ್ಮಕೇಂದ್ರಗಳ ಗುರುಗಳೂ ಬಲ್ಲರು. 2023ರಲ್ಲಿ ಫೆಬ್ರವರಿ 18 ಶಿವರಾತ್ರಿ, 22 ವಿಭೂತಿ ಬುಧವಾರ. ಪೂರ್ವದ ಧರ್ಮಸಭೆಗಳಲ್ಲಿ ವಿಭೂತಿ ಬುಧವಾರವಿಲ್ಲ, ಆದರೂ ತಪಸ್ಸುಕಾಲ ತೊಡಗುವುದು ಅದೇ ಋತುವಿನಲ್ಲಿ. ನಿಕಿತಿನ್ ಹೊರಟದ್ದಾದರೂ ಎಲ್ಲಿಗೆ? ತನ್ನ ಹಿಂದೂ ಗೆಳೆಯರೊಂದಿಗೆ ಒಂದು ತಿಂಗಳು ನಡೆದು 'ಪರ್ವತ'ಕ್ಕೆ, ಅಂದರೆ ಶ್ರೀಶೈಲಕ್ಕೆ, ಶಿವರಾತ್ರಿಯದೆಂದು ವಿದ್ವಾಂಸರು ಗುರುತಿಸುವ ಜಾತ್ರೆಗೆ. ಪಾಸ್ಖವನ್ನು ಹುಡುಕುತ್ತಿದ್ದವನು ಅದರ ಸುಳಿವು ಸಿಗಬಹುದಾಗಿದ್ದ ಜಾಗಕ್ಕೇ ಹೋಗಿ, ಸುಳಿವನ್ನು ಹಿಡಿಯದೆ ಹಿಂದಿರುಗಿ, ಬೈರಾಮಿನ ಚಂದ್ರನಿಗೆ ತನ್ನ ಹಬ್ಬವನ್ನು ಕಟ್ಟಿದ.

ಶ್ರೀಶೈಲದ ಭಾಗಗಳನ್ನು ಸಂಶೋಧಕರು ಪ್ರವಾಸಿಯ ಬೆರಗಿನ ವರ್ಣನೆಯೆಂದು ದಾಟಿಹೋಗುತ್ತಾರೆ. ಅವನ ವಿಶ್ವಾಸದ ಪ್ರಶ್ನೆ ಬಂದಾಗ ಎಲ್ಲರ ಗಮನವೂ ಇಸ್ಲಾಮಿನ ಮೇಲೆಯೇ. ಇದು ದೊಡ್ಡ ಲೋಪವೆಂದು ನನ್ನ ಅಭಿಪ್ರಾಯ. ಶ್ರೀಶೈಲವನ್ನು ಅವನು ಹಿಂದೂಗಳ ಜೆರುಸಲೇಮ್ ಎನ್ನುತ್ತಾನೆ. ವಿಗ್ರಹದ ಎತ್ತಿದ ಬಲಗೈಯನ್ನು ಕಂಡು ಅವನಿಗೆ ಕಾನ್‌ಸ್ಟಾಂಟಿನೋಪಲಿನ ಜಸ್ಟಿನಿಯನ್ ಚಕ್ರವರ್ತಿಯ ಪ್ರತಿಮೆ ನೆನಪಾಗುತ್ತದೆ. ಕಪ್ಪು ಕಲ್ಲಿನ ಬೃಹತ್ ನಂದಿಯ ಗೊರಸಿಗೆ ಭಕ್ತರು ಮುತ್ತಿಡುವುದನ್ನೂ ಹೂ ಚೆಲ್ಲುವುದನ್ನೂ ಬರೆಯುತ್ತಾನೆ. ಅವರು ಪೂರ್ವಾಭಿಮುಖವಾಗಿ, ರಷ್ಯದವರ ರೀತಿಯಲ್ಲಿಯೇ ಪ್ರಾರ್ಥಿಸುತ್ತಾರೆ ಎಂದು ಗಮನಿಸುತ್ತಾನೆ. ತನ್ನ ಪೂಜಾವಿಧಿಯ ದಿಕ್ಕನ್ನು ಅವನು ಕಂಡದ್ದು ಇವರಲ್ಲಿ. ಒಬ್ಬನೇ ದೇವರೆಂಬ ಮಾತನ್ನು ಕೇಳಿದ್ದು ಮುಸಲ್ಮಾನರಲ್ಲಿ.

ಅದಕ್ಕಿಂತಲೂ ಮುಖ್ಯವಾದದ್ದು ಬೀದರಿನ ಒಂದು ವಾಕ್ಯ. ತಪಸ್ಸುಕಾಲದವರೆಗೆ ಅಲ್ಲಿದ್ದು ಅನೇಕ ಹಿಂದೂಗಳ ಪರಿಚಯ ಮಾಡಿಕೊಂಡ ನಿಕಿತಿನ್, ಅವರ ಮುಂದೆ ತನ್ನ ವಿಶ್ವಾಸವನ್ನು ಬಿಚ್ಚಿಟ್ಟ: ತಾನು ಮುಸಲ್ಮಾನನಲ್ಲ, ಕ್ರೈಸ್ತ, ತನ್ನ ಹೆಸರು ಅಫನಾಸಿ, ಖೋಜಾ ಯೂಸುಫ್ ಎಂಬುದು ಇಲ್ಲಿನ ಹೆಸರು. ಆಮೇಲೆ ಅವರೂ ತಮ್ಮ ಊಟ, ವ್ಯಾಪಾರ, ಪ್ರಾರ್ಥನೆ ಯಾವುದನ್ನೂ ಅವನಿಂದ ಮರೆಮಾಡಲಿಲ್ಲ. ಈ ಸ್ವೀಕಾರೋಕ್ತಿಯಲ್ಲಿ ರಷ್ಯನ್ 'ಕ್ರಿಸ್ತಿಯಾನಿನ್' ಪದದ ಪಕ್ಕದಲ್ಲಿಯೇ ಇನ್ನೊಂದು ಮಿಶ್ರಪದವಿದೆ. ಅದರ ಅರ್ಥ 'ಈಸಾನ ದೀನಿನವನು'. ಔರಾದ, ಭಾಲ್ಕಿ, ಕಮಲನಗರಗಳ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂದಿಗೂ ನಮ್ಮ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಉರ್ದು ಆಡುವ ನೆರೆಹೊರೆಯವರ ಬಾಯಲ್ಲಿ ನಾವು 'ಈಸಾಯಿ'ಗಳೇ. ಉರ್ದು ಬೈಬಲಿನಲ್ಲಿ ದೇವರು 'ಖುದಾ', ಪ್ರಭು 'ಖುದಾವಂದ'. ಅರಬ್ ಕ್ರೈಸ್ತರಿಗೆ ದೇವರು 'ಅಲ್ಲಾ'. ಖುದಾ ಎಂದನು, ಅಲ್ಲಾ ಎಂದನು, ಆದ್ದರಿಂದ ಮುಸಲ್ಮಾನನಾದನು ಎಂಬ ತರ್ಕವನ್ನು ಬೀದರಿನ ಯಾವ ಕ್ರೈಸ್ತ ಕುಟುಂಬವೂ ಒಪ್ಪಲಾರದು. ಪೇಟೆಯ ಭಾಷೆಯಲ್ಲಿ ದೇವರನ್ನು ಕರೆದವನು ಪೇಟೆಯ ಭಾಷೆಯಲ್ಲಿಯೇ ತನ್ನನ್ನು ಯೇಸುವಿನವನೆಂದು ಕರೆದುಕೊಂಡಿದ್ದಾನೆ.

ಭಾಷೆಯ ವಿಷಯದಲ್ಲಿ ರಷ್ಯದ ವಿದ್ವಾಂಸರು ಹೆಚ್ಚು ಸೂಕ್ಷ್ಮವಾಗಿ ಯೋಚಿಸಿದ್ದಾರೆ. ನಿಕೊಲಾಯ್ ತ್ರುಬೆತ್ಸ್‌ಕೋಯ್ 1926ರಲ್ಲಿಯೇ ಈ ಬರಹವನ್ನು ಸಾಹಿತ್ಯಕೃತಿಯಾಗಿ ವಿಶ್ಲೇಷಿಸಿ, ಧಾರ್ಮಿಕ ಅಳಲಿನ ಭಾಗಗಳು ಮಧ್ಯೆ ಮಧ್ಯೆ ಬರುವುದು ಅಡ್ಡಾದಿಡ್ಡಿಯಾಗಿ ಅಲ್ಲ, ಅವು ಕೃತಿಯ ಕಟ್ಟಡಕ್ಕೆ ಆಧಾರಸ್ತಂಭಗಳು ಎಂದು ತೋರಿಸಿದರು. ಬೊರಿಸ್ ಉಸ್ಪೆನ್‌ಸ್ಕಿ ಅವರು ಪರದೇಶವೆಂದರೆ ಅಪವಿತ್ರ ನೆಲವೆಂಬ ಮಧ್ಯಯುಗದ ರಷ್ಯನ್ ಭಾವನೆಯಿಂದ ಇದನ್ನು ವಿವರಿಸಿದರು. ಒಂದು ಸಂಗತಿಯನ್ನು ಮರೆಯಬಾರದು: ನಿಕಿತಿನ್ ಪರಭಾಷೆಗೆ ಹೊರಳುವುದು ಪ್ರಾರ್ಥನೆಯಲ್ಲಿ ಮಾತ್ರವಲ್ಲ, ಬೆಲೆವೆಣ್ಣುಗಳ ದರ ಬರೆಯುವಾಗಲೂ ಹೌದು, ರಷ್ಯದ ಪ್ರಭುಗಳಲ್ಲಿ ನ್ಯಾಯವಿಲ್ಲವೆಂದು ನಿಟ್ಟುಸಿರಿಡುವಾಗಲೂ ಹೌದು. ಊರಿನವರ ಮುಂದೆ ಬಾಯಿಬಿಟ್ಟು ಹೇಳಲಾಗದ್ದೆಲ್ಲ, ಅತ್ಯಂತ ಕೀಳಾದದ್ದೂ ಅತ್ಯಂತ ಆಪ್ತವಾದದ್ದೂ, ಆ ಭಾಷೆಗೆ ಹೋಗಿ ಸೇರಿದೆ.

ಉಪವಾಸದ ವಿವರವನ್ನೂ ಒಮ್ಮೆ ಎಚ್ಚರದಿಂದ ನೋಡೋಣ. ಆ ತಿಂಗಳು ಮಾಂಸಾಹಾರವನ್ನಾಗಲಿ ಮುಸಲ್ಮಾನರ ಅಡುಗೆಯನ್ನಾಗಲಿ ಮುಟ್ಟದೆ, ದಿನಕ್ಕೆ ಎರಡು ಬಾರಿ ರೊಟ್ಟಿ ನೀರು ಮಾತ್ರ ತೆಗೆದುಕೊಂಡೆನೆಂದು ಅವನು ಹೇಳುತ್ತಾನೆ. ರಮಜಾನಿನಲ್ಲಿ ಸೂರ್ಯಾಸ್ತದ ನಂತರ ಮಾಂಸ ನಿಷಿದ್ಧವಲ್ಲ. ಪ್ರಾಣಿಮೂಲದ ಆಹಾರವನ್ನು ಪೂರ್ತಿ ಬಿಡುವುದು ಆರ್ಥೊಡಾಕ್ಸ್ ತಪಸ್ಸುಕಾಲದ ಕ್ರಮ. ಕಾಲ ಅವರದ್ದು, ಉಪವಾಸ ತನ್ನದು. ಇದನ್ನು ಇಸ್ಲಾಮಿನ ಆಚರಣೆಯೆಂದು ಬರೆದುಕೊಳ್ಳುವ ಸಂಶೋಧಕರು ಅವನ ತಟ್ಟೆಯನ್ನು ನೋಡಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ನಿಲ್ಲುವ ಕಷ್ಟವನ್ನು ತಪ್ಪಿಸಿಕೊಂಡು ಹೋಗುವುದು ಪ್ರಾಮಾಣಿಕತೆಯಲ್ಲ. ಆ ತಿಂಗಳು ಭೂಮ್ಯಾಕಾಶಗಳ ಸೃಷ್ಟಿಕರ್ತನನ್ನಲ್ಲದೆ ಬೇರಾವ ಹೆಸರನ್ನೂ ಕರೆಯಲಿಲ್ಲವೆಂದು ಅವನು ಬರೆದಿದ್ದಾನೆ. ಸರಿಯಾದ ವಿಶ್ವಾಸ ಯಾವುದೆಂದು ದೇವರೇ ಬಲ್ಲ, ಒಬ್ಬ ದೇವರನ್ನರಿತು ಎಲ್ಲ ಸ್ಥಳಗಳಲ್ಲಿಯೂ ಶುದ್ಧವಾಗಿ ಅವನ ಹೆಸರನ್ನು ಕರೆಯುವುದೇ ಸರಿಯಾದ ವಿಶ್ವಾಸ ಎಂಬರ್ಥದ ಮಾತೂ ಇದೆ. ಕೊನೆಯ ಪ್ರಾರ್ಥನೆಯಲ್ಲಿ ಪಿತ, ಸುತ, ಪವಿತ್ರಾತ್ಮರ ಹೆಸರಿಲ್ಲ. 'ರೂಹುಲ್ಲಾ' ಮುಸಲ್ಮಾನರು ಯೇಸುವಿಗೆ ಕೊಡುವ ಗೌರವದ ಬಿರುದು. ನಿಸೇಯದ ವಿಶ್ವಾಸಸಂಗ್ರಹ ಅದರಲ್ಲಿ ಅಡಗಿದೆಯೆಂದು ವಾದಿಸುವುದು ಅತಿರೇಕ. 1964ರ ಎರಡನೆಯ ವ್ಯಾಟಿಕನ್ ಮಹಾಸಭೆಯ 'ಲೂಮೆನ್ ಜೆಂಟಿಯುಮ್' 16ನೆಯ ಪರಿಚ್ಛೇದ, ಮುಸಲ್ಮಾನರು ನಮ್ಮೊಂದಿಗೆ ಕರುಣಾಮಯನಾದ ಏಕ ದೇವರನ್ನು ಆರಾಧಿಸುತ್ತಾರೆಂದು ಬೋಧಿಸುತ್ತದೆ. ಆ ಬೋಧನೆಯನ್ನು ತೆಗೆದುಕೊಂಡು ಹೋಗಿ ಹದಿನೈದನೆಯ ಶತಮಾನದ ತ್ವೇರಿನ ವ್ಯಾಪಾರಿಗೆ ಹೊದಿಸುವುದು ನಮ್ಮ ಕಡೆಯ ಕೆಲವು ಉತ್ಸಾಹಿಗಳ ಚಾಳಿ. ಅವನು ಅಂತರಧರ್ಮೀಯ ಸಂವಾದದ ಮುಂಗೋಳಿಯಲ್ಲ. ಅವನ ಬರಹದಲ್ಲಿರುವುದು ಸಂವಾದದ ಸಂತೋಷವಲ್ಲ, ದಾರಿ ತಪ್ಪಿದವನ ಅಳು. ಮತಾಂತರವಾಗೆಂದು ಒತ್ತಾಯಿಸಿದ ಮಲಿಕನೊಬ್ಬನಿಗೆ ಅವನು ಕೊಡುವ ಉತ್ತರದಲ್ಲಿಯೂ ಆ ದಣಿವಿದೆ: ನೀನೂ ಪ್ರಾರ್ಥಿಸುತ್ತೀಯೆ, ನಾನೂ ಪ್ರಾರ್ಥಿಸುತ್ತೇನೆ, ನೀನು ಐದು ಬಾರಿ, ನಾನು ಮೂರು ಬಾರಿ. ಅದಕ್ಕೆ ಮಲಿಕ ಹೇಳಿದ್ದು ಯಾವ ಸಂಶೋಧಕರ ತೀರ್ಪಿಗಿಂತಲೂ ನಿಖರವಾಗಿದೆ. ನೀನು ಮುಸಲ್ಮಾನನಂತೆ ಕಾಣುವುದಿಲ್ಲ, ಆದರೆ ಕ್ರೈಸ್ತಧರ್ಮವೂ ನಿನಗೆ ತಿಳಿಯದು ಎಂದನಂತೆ.

ದೈವಶಾಸ್ತ್ರದ ದೃಷ್ಟಿಯಿಂದ ವಿಶ್ವಾಸತ್ಯಾಗ ಎಂಬುದು ಸಡಿಲವಾಗಿ ಬಳಸಬಹುದಾದ ಪದವಲ್ಲ. ಡೀಶಿಯಸ್ ಚಕ್ರವರ್ತಿಯ ಹಿಂಸೆಯ ನಂತರ 251ರಲ್ಲಿ ಕಾರ್ಥೇಜಿನ ಸಭೆ ಕೂಡಿದಾಗ, ಬಲಿ ಅರ್ಪಿಸಿದವರನ್ನೂ, ಅರ್ಪಿಸದೆಯೇ ಅರ್ಪಿಸಿದೆವೆಂದು ಪತ್ರ ಪಡೆದವರನ್ನೂ ಸಂತ ಸಿಪ್ರಿಯನರು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಒಬ್ಬೊಬ್ಬರ ಪರಿಸ್ಥಿತಿಯನ್ನೂ ವಿಚಾರಿಸಿ ಪ್ರಾಯಶ್ಚಿತ್ತ ಗೊತ್ತುಮಾಡುವುದು ಆ ಸಭೆಯ ಮಾರ್ಗವಾಗಿತ್ತು. ಪವಿತ್ರ ಗ್ರಂಥದಲ್ಲಿ ಇನ್ನೂ ಹತ್ತಿರದ ಉದಾಹರಣೆಯಿದೆ. ಅರಸುಗಳ ಎರಡನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಕುಷ್ಠ ವಾಸಿಯಾದ ಸಿರಿಯದ ನಾಮಾನ, ಇನ್ನು ಮುಂದೆ ಇಸ್ರಾಯೇಲಿನ ದೇವರನ್ನಲ್ಲದೆ ಬೇರೆಯವರನ್ನು ಆರಾಧಿಸೆನೆಂದು ಮಾತುಕೊಟ್ಟು, ಒಂದು ವಿಷಯದಲ್ಲಿ ಮಾತ್ರ ಕ್ಷಮೆ ಬೇಡುತ್ತಾನೆ: ತನ್ನ ಒಡೆಯ ರಿಮ್ಮೋನನ ಗುಡಿಯಲ್ಲಿ ತನ್ನ ಕೈ ಹಿಡಿದು ಬಾಗುವಾಗ ತಾನೂ ಬಾಗಬೇಕಾಗುತ್ತದೆ. ಪ್ರವಾದಿ ಎಲಿಷ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಸಮಾಧಾನದಿಂದ ಹೋಗೆಂದು ಕಳುಹಿಸಿದ. ನಾಮಾನ ತನ್ನೊಂದಿಗೆ ಎರಡು ಹೇಸರಗತ್ತೆಗಳ ಹೊರೆಯಷ್ಟು ಇಸ್ರಾಯೇಲಿನ ಮಣ್ಣನ್ನು ಕೇಳಿ ಪಡೆದಿದ್ದ. ನಿಕಿತಿನನ ಪಾಲಿನ ಆ ಮಣ್ಣು ಅವನ ಪುಸ್ತಕಗಳಾಗಿದ್ದವು. ಅವನ್ನು ವೋಲ್ಗಾದ ಬಾಯಿಯಲ್ಲಿಯೇ ಕಿತ್ತುಕೊಳ್ಳಲಾಗಿತ್ತು.

ಹಾಗೆಂದು ಅವನು ಎಣಿಸುವುದನ್ನು ನಿಲ್ಲಿಸಲಿಲ್ಲ. ಮುಸಲ್ಮಾನರ ನಾಡಿನಲ್ಲಿ ನಾಲ್ಕು ಪಾಸ್ಖ ಕಳೆದವು, ಕ್ರೈಸ್ತಧರ್ಮವನ್ನು ಬಿಟ್ಟಿಲ್ಲ, ಮುಂದಿನದು ದೇವರಿಗೆ ಗೊತ್ತು ಎಂದು ಬರೆಯುತ್ತಾನೆ. ಐದನೆಯ ಪಾಸ್ಖದ ಹೊತ್ತಿಗೆ ಊರಿಗೆ ಹಿಂದಿರುಗುವ ಮನಸ್ಸು ಮಾಡಿ ಬೀದರನ್ನು ಬಿಡುತ್ತಾನೆ. ಆರನೆಯದು ಮಸ್ಕತ್ತಿನಲ್ಲಿ. ಈ ಎಣಿಕೆಗೆ ಲೆನ್‌ಹಾಫ್ ಅವರ ವಾದದಲ್ಲಿ ಸಾಕಷ್ಟು ಜಾಗ ಸಿಕ್ಕಿಲ್ಲವೆಂಬುದು ನನ್ನ ಮುಖ್ಯ ತಕರಾರು. ಲೂರ್ಯೆ ಅವರಿಗೂ ಅದು ಹಿಂದಿರುಗುವ ನಿರ್ಧಾರಕ್ಕೆ ಒಂದು ಪುರಾವೆ ಮಾತ್ರ.

ಆ ಬರಹವನ್ನು ಧರ್ಮಸಭೆ ಹೇಗೆ ಸ್ವೀಕರಿಸಿತೆಂಬುದೂ ಸಂಶೋಧನೆಗೆ ತಕ್ಕ ವಿಷಯ. ಸ್ಮೊಲೆನ್‌ಸ್ಕ್ ತಲುಪುವ ಮೊದಲೇ ನಿಕಿತಿನ್ ತೀರಿಹೋದನೆಂದೂ, ಅವನ ಹೊತ್ತಗೆಗಳನ್ನು ವ್ಯಾಪಾರಿಗಳು ಮಾಸ್ಕೋದ ರಾಜಾಧಿಕಾರಿ ವಸೀಲಿ ಮಮಿರೆವ್‌ಗೆ ತಲುಪಿಸಿದರೆಂದೂ ವೃತ್ತಾಂತಗ್ರಂಥದ ಟಿಪ್ಪಣಿಯಿಂದ ತಿಳಿಯುತ್ತದೆ. ಅದು ಸೇರಿದ್ದು ಅಧಿಕೃತ ವೃತ್ತಾಂತಗಳಲ್ಲಿ. ತ್ರಿತ್ವ-ಸೆರ್ಗಿಯಸ್ ಸನ್ಯಾಸಿಮಠದ ಗ್ರಂಥಾಲಯದಲ್ಲಿಯೂ ಒಂದು ಪ್ರತಿ ಉಳಿದಿತ್ತು. ಇತಿಹಾಸಕಾರ ಕರಮ್‌ಜಿನ್ ಅದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೆಳಕಿಗೆ ತಂದರು. ಮೊದಲ ತಲೆಮಾರಿನ ಲಿಪಿಕಾರರು ಅರಬ್ಬಿ ಪ್ರಾರ್ಥನೆಯನ್ನು ಅಕ್ಷರ ಅಕ್ಷರವಾಗಿ ನಕಲು ಮಾಡಿದರು, ಅರ್ಥವಾಗಿರಲಿಕ್ಕಿಲ್ಲ. ಹದಿನೇಳನೆಯ ಶತಮಾನದ ಪರಿಷ್ಕೃತ ಪಾಠದಲ್ಲಿ ಮಾತ್ರ ಸಂದೇಹ ಹುಟ್ಟಿಸುವ ಧಾರ್ಮಿಕ ಭಾಗಗಳಿಗೆ ಕತ್ತರಿ ಬಿದ್ದಿದೆ. ಎರಡು ಶತಮಾನಗಳ ನಡುವೆ ರಷ್ಯದ ಧರ್ಮಸಭೆಯ ಕಿವಿ ಹೇಗೆ ಬದಲಾಯಿತೆಂಬುದನ್ನು ಈ ಎರಡು ಪಾಠಗಳನ್ನು ಎದುರುಬದುರು ಇಟ್ಟು ಅಳೆಯಬಹುದು.

ನಮ್ಮ ಧರ್ಮಕ್ಷೇತ್ರವಾದ ಗುಲ್ಬರ್ಗ 2005ರಲ್ಲಷ್ಟೇ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡದ್ದು. ಇಲ್ಲಿನ ಕ್ರೈಸ್ತ ಇತಿಹಾಸವನ್ನು ಮೆಥಡಿಸ್ಟ್ ಮಿಷನರಿಗಳಿಂದ ಆರಂಭಿಸಿ ಬರೆಯುವುದು ವಾಡಿಕೆ. ಸಭೆಯ ಇತಿಹಾಸವಾಗಿ ಅದು ಸರಿ, ಏಕೆಂದರೆ ನಿಕಿತಿನ್ ಇಲ್ಲಿ ಯಾವ ಸಭೆಯನ್ನೂ ಸ್ಥಾಪಿಸಲಿಲ್ಲ. ಆದರೆ ಮಧ್ಯಯುಗದ ಯುರೋಪಿನ ವಿಶ್ವಾಸವನ್ನು ಕುರಿತು ಡಾಕ್ಟರೇಟ್ ಮಾಡಲು ಹೊರಡುವ ವಿದ್ಯಾರ್ಥಿಯೊಬ್ಬ ಈ ವಿಷಯವನ್ನು ಕೈಗೆತ್ತಿಕೊಂಡರೆ, ಮಾಸ್ಕೋದಲ್ಲಾಗಲಿ ಕ್ಯಾಲಿಫೋರ್ನಿಯದಲ್ಲಾಗಲಿ ಇಲ್ಲದ ಅನುಕೂಲ ಅವನಿಗಿದೆ. ಹಳೆಯ ರಷ್ಯನ್ ಭಾಷೆಯನ್ನೂ ಪರ್ಷಿಯನ್ನನ್ನೂ ಅವನು ಕಷ್ಟಪಟ್ಟು ಕಲಿಯಬೇಕು. ದಖ್ಖನಿ, ಮರಾಠಿ, ಕನ್ನಡ, ತೆಲುಗುಗಳ ಬೆರಕೆ ಅವನಿಗೆ ಹುಟ್ಟಿನಿಂದ ಬಂದಿರುತ್ತದೆ. ಮೊದಲ ಕೆಲಸವಾಗಿ 1986ರ ಆವೃತ್ತಿಯನ್ನು ಎದುರಿಗಿಟ್ಟುಕೊಂಡು ಬೀದರು, ಆಳಂದ, ಕಲಬುರಗಿ, ಶ್ರೀಶೈಲಗಳ ಭಾಗಗಳನ್ನು ಮೂಲದಿಂದಲೇ ಕನ್ನಡಕ್ಕೆ ತಂದು, ಅಲ್ಲಿರುವ ಪ್ರತಿಯೊಂದು ಮಿಶ್ರಪದಕ್ಕೂ ಇಲ್ಲಿನ ಬಳಕೆಯಿಂದ ಟಿಪ್ಪಣಿ ಬರೆಯಲಿ. ಎರಡನೆಯದಾಗಿ ಅವನ ಪಾಸ್ಖಗಳ ಪಟ್ಟಿಯನ್ನು ಹಿಜರಿ, ಜೂಲಿಯನ್, ಶಾಲಿವಾಹನ ಶಕೆ ಮೂರರಲ್ಲಿಯೂ ಲೆಕ್ಕ ಹಾಕಿ ಒಂದೇ ಕೋಷ್ಟಕದಲ್ಲಿ ಕೂಡಿಸಲಿ. ಮತ ಬಿಟ್ಟನೇ ಇಲ್ಲವೇ ಎಂಬ ಅಧ್ಯಾಯ ಆ ಪ್ರಬಂಧಕ್ಕೆ ಬೇಕಾಗಲಾರದು.